ತಮ್ಮನ ಸಿಟ್ಟಿನ ಪರೀಕ್ಷೆ

ನನ್ನ ತಮ್ಮ ಅಪಾಯದ ಮನುಷ್ಯ ಎಂದು ಬರೆದುಕೊಟ್ಟವಳು ನಾನೇ. ಒಂದೊಂದೇ ಪ್ರಶ್ನೆ ಓದಿ, ನೀಲಿ ಪೆನ್ನಿನಿಂದ ಟಿಕ್ ಹಾಕಿ, ಕೊನೆಗೆ ಸಹಿ ಮಾಡಿದೆ. ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು. ಆ ಕಾಗದ ಹಿಟ್ಟಿನ ಕಲೆಯ ಸಮೇತ ಈಗಲೂ ಶಿಗ್ಗಾವಿಯ ಯಾವುದೋ ಕಪಾಟಿನಲ್ಲಿ ಇರಬೇಕು.

ನಾನು ಓದಿದ್ದು ಐದನೆಯ ಇಯತ್ತೆಯವರೆಗೆ. ಗಂಡನ ಮನೆ ಹಂಸಭಾವಿ. ದಿನವೂ ಬೆಳಿಗ್ಗೆ ಜೋಳದ ರೊಟ್ಟಿ ಬಡಿದು ಹಿರೇಕೆರೂರಿನ ಎರಡು ಖಾನಾವಳಿಗಳಿಗೆ ಕಳಿಸುತ್ತೇನೆ. ತವರುಮನೆ ಹಾನಗಲ್ಲಿನ ಹತ್ತಿರದ ಒಂದು ಹಳ್ಳಿ. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಅಲ್ಲಿ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು.

ನಾನು ಮಾಡಿದ ತಪ್ಪು ಅರ್ಥವಾಗಬೇಕಾದರೆ ನಮ್ಮ ಹೋರಿಯ ವಿಷಯ ಹೇಳಬೇಕು. ದೀಪಾವಳಿ ಬಂದರೆ ನಮ್ಮ ಕಡೆ ಹೋರಿ ಬಿಡುತ್ತಾರೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಬೆನ್ನಿಗೆ ಬಣ್ಣದ ಜೂಲ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುವುದು, ಧೈರ್ಯವಿದ್ದವರು ಹಿಡಿದು ಕೊಬ್ಬರಿ ಹರಿದುಕೊಳ್ಳುವುದು. ಯಾರ ಕೈಗೂ ಸಿಗದೆ ಓಡಿದ್ದೇ ಗೆದ್ದ ಹೋರಿ. ಬಿಡುವ ಮೊದಲು ಮನೆಯವರು ಮೈಕಿನವನಿಗೆ ಒಂದು ಚೀಟಿ ಕೊಡಬೇಕು. ಅದರಲ್ಲಿ ಹೋರಿಯ ಗುಣಗಾನ ಇರುತ್ತದೆ. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ನಾನು ಮೂರನೆಯ ಇಯತ್ತೆಯಲ್ಲಿ ಇದ್ದಾಗಿನಿಂದಲೇ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಕಂಡವರ ಎದೆ ನಡುಗಿಸುವ, ಮುಟ್ಟಿದವರ ಮುಂಗೈ ಮುರಿಯುವ, ಹೋದ ವರ್ಷ ಏಳು ಮಂದಿಯನ್ನು ನೆಲಕ್ಕೆ ಕೆಡವಿದ’ ಎಂದು ಒಂದೇ ಉಸಿರಿಗೆ ಬರೆಯುತ್ತಿದ್ದೆ. ಮೈಕಿನವನು ಅದನ್ನು ಊರಿಗೆಲ್ಲ ಕೇಳುವಂತೆ ಕೂಗಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಹೋರಿ ಕೋಳಿಯನ್ನು ಕಂಡರೆ ಹಿಂದಕ್ಕೆ ಸರಿಯುತ್ತಿತ್ತು. ನನ್ನ ಕೈಯಿಂದ ರೊಟ್ಟಿ ತಿಂದು, ಬೆರಳು ನೆಕ್ಕಿ, ಇನ್ನೊಂದು ಬೇಕೆಂದು ಸೆರಗು ಎಳೆಯುತ್ತಿತ್ತು. ಆದರೂ ಆ ಚೀಟಿಯನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಎಲ್ಲರ ಚೀಟಿಯೂ ಹಾಗೆಯೇ ಇರುತ್ತಿತ್ತು. ತನ್ನ ಹೋರಿಯನ್ನು ಸಾಧು ಎಂದು ಬರೆದುಕೊಡುವ ಮನೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಲ್ಲೂ ಇರಲಿಲ್ಲ.

ಬಲೂನು ಊದುವುದು ತಮ್ಮನ ಕೆಲಸ. ಊದಿ ಊದಿ ಅವನ ಕೆನ್ನೆಗಳು ಕೆಂಪಾಗುತ್ತಿದ್ದವು. ಒಂದು ಬಲೂನು ಒಡೆದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಅಂಥ ಹುಡುಗ.

ನನಗೆ ಹದಿನೆಂಟು ತುಂಬಿದ ವರ್ಷದ ದೀಪಾವಳಿ. ನಾವಿಬ್ಬರೂ ಹುಲ್ಲಿನ ಬಣವೆ ಹತ್ತಿ ಹೋರಿ ನೋಡುತ್ತಾ ಕುಳಿತಿದ್ದೆವು. ಆ ವರ್ಷ ನಮ್ಮ ಹೋರಿ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ನಿಂತಿದ್ದಷ್ಟೇ ಅಲ್ಲ, ಕೊಬ್ಬರಿ ಹರಿಯಲು ಬಂದವನ ಕೈಯನ್ನು ನೆಕ್ಕಿತು. ಪಕ್ಕದ ಮನೆಯ ಹುಡುಗ ಬಣವೆಯ ಕೆಳಗೆ ನಿಂತು ಕುಣಿದ. “ಏ, ಚೀಟಿ ಬರಿಯಾಕೀ! ಮುಂಗೈ ಮುರಿತೈತಿ ಅಂತ ಬರದಿದ್ದ್ಯಲ್ಲ, ಮುದ್ದ ಕೊಡಾಕತ್ತೈತಿ ನೋಡ!”

ತಾಡಪಾಲು ಹಾರದಂತೆ ಬಣವೆಯ ಮೇಲೆ ಕಲ್ಲುಗಳನ್ನು ಇಟ್ಟಿದ್ದರು. ಒಂದನ್ನು ತೆಗೆದು ಒಗೆದೆ. ನನ್ನ ಗುರಿ ಚಿಕ್ಕಂದಿನಿಂದಲೂ ಚೆನ್ನಾಗಿತ್ತು. ಎಷ್ಟು ಎತ್ತರದ ಹುಣಸೆಕಾಯಿಯನ್ನಾದರೂ ಒಂದೇ ಏಟಿಗೆ ಕೆಡವುತ್ತಿದ್ದೆ. ಕಲ್ಲು ಆ ಹುಡುಗನ ಹಣೆಗೆ ಬಿತ್ತು. ರಕ್ತ ಬಂತು. ಹಾನಗಲ್ಲಿಗೆ ಕರೆದುಕೊಂಡು ಹೋಗಿ ನಾಲ್ಕು ಹೊಲಿಗೆ ಹಾಕಿಸಿದರು.

ಅಪ್ಪ ಹೋರಿಯ ಹಗ್ಗ ಹಿಡಿದು ಬಂದು ಕೇಳಿದ. “ಯಾರು ಒಗದದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ “ನಾನ, ಅಪ್ಪಾ” ಎಂದ.

ಅವನಿಗೆ ಹಗ್ಗದಿಂದ ಮೂರು ಏಟು ಬಿದ್ದವು. ನಾನು ನೋಡುತ್ತಾ ನಿಂತೆ. ಅಪ್ಪ ಅತ್ತ ಹೋದ ಮೇಲೆ “ಯಾಕ ಹಂಗ ಹೇಳಿದಿ?” ಎಂದು ಕೇಳಿದೆ. ಅವನು ಬೆನ್ನು ಸವರಿಕೊಳ್ಳುತ್ತಾ ಹೇಳಿದ. “ನಾಡಿದ್ದು ಹಂಸಭಾವಿಯವರು ನಿನ್ನ ನೋಡಾಕ ಬರ್ತಾರಲ್ಲ. ತಲಿ ಒಡಿಯೋ ಹುಡುಗಿನ ಯಾರ ಮಾಡ್ಕೊಂತಾರ? ಲಗ್ನ ಆದ ಮ್ಯಾಲೆ ಖರೇ ಹೇಳಿದ್ರಾತು ಬಿಡಕ್ಕಾ.”

ಎರಡು ತಿಂಗಳಿಗೆ ಲಗ್ನವಾಯಿತು. ನಾನು ಖರೆ ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಹೇಳೋಣ ಎಂದುಕೊಂಡೆ, ಅದರ ಮುಂದಿನ ಹಬ್ಬಕ್ಕೆ ಎಂದುಕೊಂಡೆ. ಇಪ್ಪತ್ತು ವರ್ಷ ಹಾಗೆಯೇ ಹೋದವು. ಊರಿನವರು ತಮ್ಮನನ್ನು ಕಂಡರೆ “ಅಂವನ್ನ ಕೆಣಕಬ್ಯಾಡ್ರಪಾ, ಕಲ್ಲು ಒಗಿಯಾಂವ” ಎನ್ನುತ್ತಿದ್ದರು. ಅಪ್ಪ ಸಾಯುವವರೆಗೂ ಅದನ್ನೇ ನಂಬಿದ್ದ. ಅವನಿಗೆ ಹೇಳಲು ಈಗ ದಾರಿಯಿಲ್ಲ.

ತಮ್ಮ ಹಿರೇಕೆರೂರಿನಲ್ಲಿ ಗೋವಿನಜೋಳದ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಬೆನ್ನು ಹಿಡಿದುಕೊಂಡಿತು. ಇನ್ನು ಹೊರುವುದು ಬೇಡ ಎಂದು ಡಾಕ್ಟರು ಹೇಳಿದರು. ಆಗ ಸವಣೂರಿನ ಒಂದು ಆಸ್ಪತ್ರೆಗೆ ಗೇಟಿನ ಕಾವಲುಗಾರ ಬೇಕೆಂದು ತಿಳಿಯಿತು. ಶಿಗ್ಗಾವಿಯ ಒಂದು ಏಜೆನ್ಸಿಯವರು ಜನರನ್ನು ಆರಿಸುತ್ತಿದ್ದರು. ತಮ್ಮ ಅರ್ಜಿ ಹಾಕಿ, ಓಡಿ ತೋರಿಸಿ, ಕಣ್ಣು ತೋರಿಸಿ, ಮನಸ್ಸಿನ ಪರೀಕ್ಷೆಯ ಕಾಗದವನ್ನೂ ಬರೆದು ಬಂದ. ಕಪ್ಪು ಬೂಟನ್ನು ಆಗಲೇ ಕೊಂಡಿದ್ದ. ಉಳಿದದ್ದು ಒಂದೇ ಫಾರ್ಮು. ಅದನ್ನು ಮನೆಯವರಲ್ಲಿ ಒಬ್ಬರು, ಅವನಿಗೆ ತೋರಿಸದೆ ತುಂಬಬೇಕಿತ್ತು.

ಒಂದು ಭಾನುವಾರ ಅದನ್ನು ಹಿಡಿದು ನಮ್ಮ ಮನೆಗೆ ಬಂದ. “ಅಕ್ಕಾ, ನಮ್ಮ ಮನ್ಯಾಗ ಬರಿಯಾಕಿ ಅಂದ್ರ ನೀನ” ಎಂದು ಕೊಟ್ಟು, ಉಂಡು, ಕಟ್ಟೆಯ ಮೇಲೆ ಮಲಗಿದ. ನಾನು ಒಲೆಯ ಮುಂದೆ ಫಾರ್ಮು ತೆರೆದೆ. ನನ್ನ ಗಂಡ ಬಾಗಿಲಿಗೆ ಒರಗಿ ನಿಂತು ನಗಲು ಶುರು ಮಾಡಿದ.

“ನಿನ್ನ ತಮ್ಮ ಕಾವಲಿಗೆ? ಕಳ್ಳರು ಬಂದು ಜರಾ ಸರೀರಿ ಅಂದ್ರ ಸರಿದು ದಾರಿ ಬಿಡತಾನ. ಮ್ಯಾಲೆ, ಕುಡಿಯಾಕ ನೀರು ಬೇಕೇನ್ರಿ ಅಂತ ಕೇಳತಾನ.”

“ನೀವು ಸುಮ್ಮನ ಕುಂದರ್ರಿ.”

“ಹೌದಲಾ, ಆ ನಿಮ್ಮ ಹೋರಿ ಇತ್ತಲ್ಲ, ಅದರ ಖಾಸಾ ತಮ್ಮ ಇಂವ.”

ಅಷ್ಟು ಸಾಕಾಯಿತು. ಆ ಫಾರ್ಮು ನನ್ನ ಕಣ್ಣಿಗೆ ಮೈಕಿನವನ ಚೀಟಿಯಂತೆ ಕಂಡಿತು. ಕಾವಲುಗಾರನೆಂದರೆ ಕಂಡವರು ನಡುಗಬೇಕಲ್ಲ! ‘ಇವರಿಗೆ ಬೇಗ ಸಿಟ್ಟು ಬರುತ್ತದೆಯೇ?’ ಎಂದು ಕೇಳಿದ್ದರು. ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ ಎಂದು ನಾಲ್ಕು ಮನೆಗಳಿದ್ದವು. ನಾನು ‘ಯಾವಾಗಲೂ’ ಮನೆಗೆ ಟಿಕ್ ಹಾಕಿದೆ. ಸಿಟ್ಟು ಬಂದಾಗ ಪಾತ್ರೆ, ಸಾಮಾನು ಎಸೆಯುತ್ತಾರೆಯೇ? ಯಾವಾಗಲೂ. ಮನೆಯವರು ಇವರಿಗೆ ಹೆದರುತ್ತಾರೆಯೇ? ಯಾವಾಗಲೂ. ಹೀಗೆ ಖುಷಿಯಿಂದ ಇಳಿಯುತ್ತಾ ಹೋದೆ. ಕಟ್ಟೆಯ ಮೇಲೆ ಆ ಭಯಂಕರ ಮನುಷ್ಯ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ನಮ್ಮ ಬೆಕ್ಕು ಅವನ ಹೊಟ್ಟೆಯ ಮೇಲೆ ಮಲಗಿತ್ತು.

ಕೊನೆಯ ಪ್ರಶ್ನೆ ಹೀಗಿತ್ತು: ‘ಇವರು ಯಾರಿಗಾದರೂ ಗಾಯ ಮಾಡಿದ್ದಾರೆಯೇ? ವಿವರಿಸಿ.’

ಅಲ್ಲಿ ಪೆನ್ನು ನಿಂತಿತು. ಉಳಿದದ್ದೆಲ್ಲ ಹೊಗಳಿಕೆ ಎಂದು ನನಗೆ ಗೊತ್ತಿತ್ತು. ಇದು ಬೇರೆ ಎಂಬುದೂ ಗೊತ್ತಿತ್ತು. ಆದರೆ ಇಡೀ ಊರು ನಂಬಿದ್ದನ್ನು ಬರೆಯುವುದಕ್ಕೆ ಏನು, ಎಂದುಕೊಂಡು ಬರೆದುಬಿಟ್ಟೆ. ‘ಹೌದು. ಕಲ್ಲಿನಿಂದ ಒಬ್ಬನ ತಲೆ ಒಡೆದಿದ್ದಾನೆ.’ ಮೊದಲ ಸಲ ನನ್ನ ತಪ್ಪನ್ನು ಅವನೇ ಬಾಯಿ ಬಿಟ್ಟು ಹೇಳಿ ಹೊತ್ತುಕೊಂಡಿದ್ದ. ಈ ಸಲ ಅವನು ಮಲಗಿದ್ದಾಗ ನಾನೇ ಹೊರಿಸಿದೆ.

ಹದಿನೈದು ದಿನ ಬಿಟ್ಟು ಅವನ ಫೋನು ಬಂತು. “ಅಕ್ಕಾ, ಶಿಗ್ಗಾವಿ ಮೇಡಂ ಕರದಾರ. ಫಾರ್ಮ್ ತುಂಬಿದಾಕಿನ್ನೂ ಕರಕೊಂಡ ಬಾ ಅಂದಾರ. ಬಾಳ ಚಲೋ ಬರದೀ ಅಂತ ಕಾಣತೈತಿ.”

ಹಾನಗಲ್ಲಿನ ಮೇಲೆ ಹಾದು ಶಿಗ್ಗಾವಿಗೆ ಬಸ್ಸಿನಲ್ಲಿ ಹೋದೆವು. ಕಂಡಕ್ಟರು ನನಗೆ ಹೆಂಗಸರ ಫ್ರೀ ಟಿಕೆಟು ಹರಿದುಕೊಟ್ಟಾಗ ತಮ್ಮ, “ನಮ್ಮಕ್ಕಗ ಸರ್ಕಾರನೂ ಅಂಜತೈತಿ ನೋಡ್ರಿ” ಎಂದ. ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದೆವು. ಹೊಸ ಬೂಟಿನ ಮೇಲೆ ಗಿರಮಿಟ್ಟಿನ ಚುರುಮುರಿ ಬಿದ್ದರೆ ಬಗ್ಗಿ ಒಂದೊಂದನ್ನೇ ಆರಿಸಿ ತೆಗೆದ. ದಾರಿಯುದ್ದಕ್ಕೂ ಸವಣೂರಿನಲ್ಲಿ ಬಾಡಿಗೆ ಮನೆ ಹಿಡಿಯಬೇಕೋ, ದಿನಾ ಬಸ್ಸಿಗೆ ಓಡಾಡಬೇಕೋ ಎಂಬುದೇ ಅವನ ಮಾತು. ನನಗೂ ಖುಷಿಯೇ ಇತ್ತು. ನಾನು ಬರೆದ ಚೀಟಿ ಗೆದ್ದಿದೆ ಎಂದುಕೊಂಡಿದ್ದೆ.

ಮೇಡಂ ಧಾರವಾಡದಲ್ಲಿ ಓದಿದವರು, ಮನಸ್ಸಿನ ವಿಷಯ ತಿಳಿದವರು. ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟಿದ್ದರು. ಒಂದು ಅವನು ಬರೆದದ್ದು, ಇನ್ನೊಂದು ನನ್ನದು.

“ಈ ಎರಡೂ ಒಬ್ಬನ ಮನುಷ್ಯಾನ ಬಗ್ಗೆ ಬರದದ್ದು ಹೌದಲ್ರಿ?”

“ಹೌದ್ರಿ ಮೇಡಂ.”

“ಅಂವ ಬರದದ್ದು ನೋಡಿದ್ರ ದೇವರಂಥಾಂವ. ನೀವು ಬರದದ್ದು ನೋಡಿದ್ರ ಈಗ ಹೊರಗ ಕುಂತಾನಲ್ಲ, ನಾ ಬಾಗಿಲಾ ಹಾಕ್ಕೊಂಡು ಪೊಲೀಸರಿಗೆ ಫೋನ್ ಹಚ್ಚಬೇಕು. ದಿನಾ ಪಾತ್ರೆ ಒಗಿತಾರ್ರಿ?”

“ಇಲ್ರಿ.”

“ವಾರಕ್ಕೊಮ್ಮೆ?”

“ಇಲ್ರಿ. ಅಂವ ಪಾತ್ರೆ ತೊಳೀತಾನ್ರಿ.”

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಹೋರಿಯ ಕಥೆ ಹೇಳಿದೆ. ಚೀಟಿ, ಮೈಕು, ಮುಂಗೈ ಮುರಿಯುವುದು, ಕೋಳಿ, ಎಲ್ಲ ಹೇಳಿದೆ. ಕೋಳಿಯ ಹತ್ತಿರ ಬಂದಾಗ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುವನ್ನು ತಡೆಯಲು ನೀರು ಕುಡಿದರು, ಆ ನೀರೂ ನೆತ್ತಿಗೇರಿತು.

ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದರು. “ನೋಡ್ರಿ ಅಕ್ಕಾರ, ಆಸ್ಪತ್ರಿ ಗೇಟಿನ್ಯಾಗ ನಿಂತಾಂವಗ ದಿನಾ ಮಂದಿ ಬೈತಾರ, ಅಂಗಿ ಹಿಡಿದು ಜಗ್ಗತಾರ. ಒಳಗ ಅವರ ಮಂದಿ ಸಾಯಾಕತ್ತಿರತಾರ, ಅವರಿಗೆ ಮೈಮ್ಯಾಲೆ ಖಬರ ಇರೂದಿಲ್ಲ. ಬೈಸ್ಕೊಂಡೂ ಕೈ ಎತ್ತದಾಂವ ಬೇಕು ನಮಗ. ಹೊಡಿಯಾಂವ ಅಲ್ಲ. ಅದಕ್ಕ ಈ ಪರೀಕ್ಷೆ.”

ಅಂಥವನು ನನ್ನ ತಮ್ಮನೇ. ಅವನಿಗಾಗಿಯೇ ಹೊಲಿಸಿಟ್ಟ ಅಂಗಿಯಂಥ ಕೆಲಸ ಅದು. ಅದನ್ನೇ ನಾನು ಹರಿದು ಹಾಕುತ್ತಿದ್ದೆ.

“ಈ ಕಾಗದ ನೋಡಿ ನಿಮಗ ಗೊತ್ತಾಗತೈತೇನ್ರಿ, ಯಾರು ಹೊಡಿತಾರ, ಯಾರು ಹೊಡಿಯಂಗಿಲ್ಲ ಅಂತ?” ಎಂದು ಕೇಳಿದೆ.

“ಇಲ್ರಿ. ಎಲ್ಲಿ ನಿಂತು ಇನ್ನೊಂದು ಮಾತು ಕೇಳಬೇಕು ಅಂತ ಗೊತ್ತಾಗತದ, ಅಷ್ಟ. ಅದಕ್ಕ ಈಗ ಕೇಳತೇನಿ.” ಎರಡೂ ಕಾಗದದ ಕೊನೆಯ ಪುಟ ತಿರುವಿದರು. “ಎಲ್ಲಾ ಪ್ರಶ್ನೆಗೂ ನಿಮ್ಮದೊಂದು ಉತ್ತರ, ಅವರದೊಂದು ಉತ್ತರ. ಇದೊಂದಕ್ಕ ಮಾತ್ರ ಇಬ್ಬರೂ ಒಂದ ಬರದೀರಿ. ಈ ಕಲ್ಲಿನ ಮಾತೂ ಹೋರಿ ಚೀಟಿ ಏನ್ರಿ?”

ಅವನ ಕಾಗದ ನನ್ನ ಕಡೆ ತಿರುಗಿಸಿದರು. ತಮ್ಮನ ಸೊಟ್ಟ ಅಕ್ಷರ ನನಗೆ ಚೆನ್ನಾಗಿ ಗೊತ್ತು. ‘ಹೌದು. ಹದಿನಾಲ್ಕು ವರ್ಷದವನಿದ್ದಾಗ ಒಬ್ಬ ಹುಡುಗನಿಗೆ ಕಲ್ಲು ಒಗೆದಿದ್ದೇನೆ. ನಾಲ್ಕು ಹೊಲಿಗೆ ಬಿದ್ದವು. ತಪ್ಪಾಯಿತು.’

ಕೆಲಸ ಹೋದರೆ ಹೋಗಲಿ ಎಂದು ಪರೀಕ್ಷೆಯಲ್ಲೂ ಅವನು ನನ್ನ ಮಾನ ಕಾಯ್ದಿದ್ದ. ಆಸೆಪಟ್ಟು ಬೂಟು ಕೊಂಡವನು, ‘ಇಲ್ಲ’ ಎಂದು ಒಂದು ಟಿಕ್ ಹಾಕಿದ್ದರೆ ಮುಗಿಯುತ್ತಿತ್ತು.

“ಅದು ನಾನ್ರಿ, ಮೇಡಂ. ಕಲ್ಲು ಒಗದದ್ದು ನಾನು.”

ಇಪ್ಪತ್ತು ವರ್ಷ ಬಾಯಲ್ಲಿ ಇಟ್ಟುಕೊಂಡ ಮಾತು ಇಷ್ಟು ಚಿಕ್ಕದಿತ್ತು. ಮೇಡಂ ತಮ್ಮನನ್ನು ಒಳಗೆ ಕರೆದು ಕೇಳಿದರು. ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ.

“ಇಲ್ರಿ ಮೇಡಂ. ನಮ್ಮಕ್ಕ ನನ್ನ ನೌಕರಿ ಉಳಿಸಾಕ ಸುಳ್ಳ ಹೇಳಾಕತ್ತಾಳ್ರಿ. ನಾನ ಒಗದೇನಿ.”

“ಏ, ನೀ ಎಲ್ಲಿ ಒಗದ್ಯೋ? ನಿನ್ನ ಕೈಯಾಗ ಬಲೂನಿತ್ತು!”

“ಬಲೂನು ಎಡಗೈಯಾಗಿತ್ತು.”

“ಎರಡೂ ಕೈಯಾಗಿದ್ದವು. ಒಂದು ಕೆಂಪು, ಒಂದು ಹಳದಿ!”

“ಸುಮ್ನಿರಕ್ಕಾ, ಮಾಮಾಗ ಗೊತ್ತಾದ್ರ ಏನಂದಾನು?”

“ಲಗ್ನಾಗಿ ಇಪ್ಪತ್ತು ವರ್ಷಾತು, ಇನ್ನೇನ ವಾಪಸ್ ಕಳಿಸ್ತಾನ?”

ಮೇಡಂ ಕೈ ಎತ್ತಿ ನಿಲ್ಲಿಸಿದರು. ನಾಲ್ಕು ರದ್ದಿ ಕಾಗದಗಳನ್ನು ಮುದ್ದೆ ಮಾಡಿ ಇಬ್ಬರಿಗೂ ಎರಡೆರಡು ಕೊಟ್ಟರು. ಮೂಲೆಯಲ್ಲಿದ್ದ ಕಸದ ಬುಟ್ಟಿ ತೋರಿಸಿ, “ಒಗೀರಿ ನೋಡೂಣು” ಎಂದರು. ತಮ್ಮ ಮೊದಲು ಒಗೆದ. ಅದು ಗೋಡೆಯ ಕ್ಯಾಲೆಂಡರಿಗೆ ತಾಗಿತು. ಎರಡನೆಯದು ಮೇಡಂ ಅವರ ಚಹಾದ ಕಪ್ಪಿನಲ್ಲೇ ಬಿತ್ತು. ನಾನು ನಿಂತಲ್ಲಿಂದಲೇ ಒಗೆದೆ. ಎರಡೂ ಬುಟ್ಟಿಯೊಳಗೆ ಬಿದ್ದವು.

“ಇದನ್ನ ನಾ ರಿಪೋರ್ಟಿನ್ಯಾಗ ಬರಿಯಾಕ ಬರೂದಿಲ್ಲ” ಎಂದು ಮೇಡಂ ಕಪ್ಪಿನಿಂದ ಕಾಗದ ತೆಗೆಯುತ್ತಾ ಹೇಳಿದರು. “ಆದ್ರ ನನಗ ತಿಳೀತು. ನೀವಿಬ್ಬರೂ ಇನ್ನೊಮ್ಮೆ ಫಾರ್ಮ್ ಬರೀರಿ, ಹೋರಿನ ಹೊರಗ ಕಟ್ಟಿ ಬರೀರಿ. ಮತ್ತ ಗಾಯ ಆದವರ ಕಡೆಯಿಂದ ಒಂದು ಹೇಳಿಕಿ ಬೇಕು. ತಮ್ಮಾ, ನಿಮಗೂ ಒಂದು ಮಾತು. ಮಂದಿ ತಪ್ಪು ಹೊತಗೊಂಡು ನಿಲ್ಲೂದು ಗೇಟಿನ್ಯಾಗ ನಡಿಯೂದಿಲ್ಲ. ಕಂಡದ್ದು ಕಂಡಂಗ ಹೇಳಬೇಕು. ತಿಳೀತಿಲ್ಲೋ?”

ತಮ್ಮ ತಲೆ ತಗ್ಗಿಸಿ ಹೂಂ ಎಂದ.

ಮರಳುವ ಬಸ್ಸಿನಲ್ಲಿ ಅವನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. “ಸಿಟ್ಟು ಬಂತೇನೋ?” ಎಂದೆ.

“ಸಿಟ್ಟಲ್ಲಕ್ಕಾ. ಊರಾಗ ನನಗ ಇದ್ದದ್ದು ಅದೊಂದ ಹೆಸರು. ಅದನ್ನೂ ನೀನ ತಗೊಂಡಿ.”

ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ಅವನು ಕಿಟಕಿಯ ಕಡೆ ನೋಡುತ್ತಾ ನನ್ನ ಕೈ ಹಿಡಿದುಕೊಂಡ.

ತಲೆಗೆ ಏಟು ತಿಂದ ಹುಡುಗ ಈಗ ದೊಡ್ಡ ಮನುಷ್ಯ, ತವರೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ನಾನೊಬ್ಬಳೇ ಹೋದೆ. ಗಿರಣಿಯ ಮುಂದೆ ಡಬ್ಬಿ, ಚೀಲ ಇಟ್ಟುಕೊಂಡು ಏಳೆಂಟು ಹೆಂಗಸರು ಪಾಳಿ ಹಚ್ಚಿ ಸಾಲಾಗಿ ಕುಳಿತಿದ್ದರು. ಪಟ್ಟಾ ತಿರುಗುವ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಕೇಳುವಂತೆ ಕೂಗಿಯೇ ಹೇಳಬೇಕಾಯಿತು. “ನಿನ್ನ ಹಣಿ ಒಡದದ್ದು ನನ್ನ ತಮ್ಮಲ್ಲಪಾ, ನಾನು!”

ಅವನು ಗಿರಣಿ ಬಂದ್ ಮಾಡಿದ. ಹುಬ್ಬಿನ ಮೇಲಿನ ಗುರುತನ್ನು ಮುಟ್ಟಿ ನೋಡಿಕೊಂಡ. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವನಿಗೆ ಹತ್ತಿದ ಚಿಂತೆಯೇ ಬೇರೆ.

“ಅಲ್ಲಬೇ ಯಕ್ಕಾ, ನಾ ಈ ಗಿರಣಿ ಇಟ್ಟಾಗಿಂದ ನಿನ್ನ ತಮ್ಮಗ ಅಂಜಿ ಪಾಳಿ ಬಿಟ್ಟು ಮೊದಲ ಬೀಸಿ ಕೊಡಾಕತ್ತೇನಿ! ಒಂದ ದಿನಾನೂ ನಿಲ್ಲಿಸಿಲ್ಲ ಅಂವನ್ನ!”

ಹೆಂಗಸರು ಎದ್ದುಬಿಟ್ಟರು. “ಹೌದವ್ವಾ, ನಾವೂ ಬಾಯಿ ಮುಚ್ಚಿಕೊಂಡು ನಿಂತೇವಿ!” “ಅಂವ ಡಬ್ಬಿ ಇಟ್ಟ ಅಂದ್ರ ನಂದು ಹಿಂದ!” ನನ್ನ ತಮ್ಮನೋ, ಗಿರಣಿಯವನಿಗೆ ತನ್ನ ಮೇಲೆ ಪ್ರೀತಿ ಎಂದುಕೊಂಡು ಪ್ರತಿ ಯುಗಾದಿಗೆ ಅವನ ಮನೆಗೆ ಹೋಳಿಗೆ ಕೊಟ್ಟು ಬರುತ್ತಿದ್ದ.

“ತಪ್ಪಾತಪಾ” ಎಂದು ಕೈ ಮುಗಿದೆ.

“ನಿನ್ನ ತಪ್ಪು ಹಣಿಮ್ಯಾಲಿಂದು, ಅದು ಯಾವಾಗೋ ಮಾಯ್ದ ಹೋತು. ಪಾಳಿದು ಹೆಂಗ ತೀರಸ್ತಿ? ಇನ್ನ ಮ್ಯಾಲೆ ಅಂವ ಎಲ್ಲಾರಂಗ ನಿಲ್ಲಬೇಕು. ಕೊಡ ಇಲ್ಲಿ ಕಾಗದ.”

ಅಂಗಿಗೆ ಕೈ ಒರೆಸಿಕೊಂಡು ಸಹಿ ಮಾಡಿದ. ಹೆಬ್ಬೆಟ್ಟಿನ ಹಿಟ್ಟು ಕಾಗದದ ಮೇಲೆ ಮೂಡಿತು. ಆ ದಿನ ಅಷ್ಟೂ ಹೆಂಗಸರ ಡಬ್ಬಿಗಳನ್ನು ನನ್ನಿಂದಲೇ ಎತ್ತಿಸಿ ಇಳಿಸಿದರು. ನಾನು ಸಂತೋಷದಿಂದಲೇ ಎತ್ತಿದೆ.

ತಮ್ಮನಿಗೆ ಕೆಲಸ ಸಿಕ್ಕಿತು. ಸವಣೂರಿನ ಆಸ್ಪತ್ರೆಯ ಗೇಟಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತಿರುತ್ತಾನೆ. ಜೇಬಿನಲ್ಲಿ ಬಲೂನುಗಳು ಇರುತ್ತವೆ. ಸೂಜಿ ಚುಚ್ಚಿಸಿಕೊಂಡು ಅಳುತ್ತಾ ಬಂದ ಮಕ್ಕಳಿಗೆ ಊದಿ ಕೊಡುತ್ತಾನೆ. ಬೈದವರಿಗೆ ನೀರು ಬೇಕೇನ್ರಿ ಎಂದು ಖಂಡಿತ ಕೇಳುತ್ತಾನೆ. ನನ್ನ ಗಂಡ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಕಲ್ಲಿನ ಸುದ್ದಿ ಕೇಳಿದ ಮೇಲೆ ಗಂಡ ನನ್ನನ್ನು ರೇಗಿಸುವಾಗಲೆಲ್ಲ ನನ್ನ ಕೈ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳುತ್ತಾನೆ.

ಈ ವರ್ಷ ದೀಪಾವಳಿಗೆ ತವರಿಗೆ ಹೋದಾಗ ತಮ್ಮ ರಜೆಯ ಮೇಲೆ ಬಂದಿದ್ದ, ನನಗೆ ಚಹಾದ ಜೊತೆ ತಿನ್ನಲೆಂದು ಸವಣೂರಿನ ಖಾರದ ಪೊಟ್ಟಣ ತಂದಿದ್ದ. ಬೆಳಿಗ್ಗೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದವನು ಊಟದ ಹೊತ್ತಾದರೂ ಬರಲಿಲ್ಲ. ಬಂದವನೇ ಡಬ್ಬಿಯನ್ನು ನನ್ನ ಮುಂದೆ ಧಡಕ್ಕೆಂದು ಕುಕ್ಕಿದ. ಮುಚ್ಚಳ ಹಾರಿ, ಹಿಟ್ಟು ಚೆಲ್ಲಿ, ಇಬ್ಬರ ಮುಖವೂ ಬೆಳ್ಳಗಾಯಿತು.

“ಹನ್ನೊಂದು ಮಂದಿ ಆದ ಮ್ಯಾಲೆ ನಂದು! ಎಲ್ಲಾ ನಿನ್ನ ಸಲುವಾಗಿ!”

ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ. ಅವನ ಹೆಂಡತಿ ಒಳಗಿನಿಂದ ಓಡಿ ಬಂದು ನಮ್ಮನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಏಜೆನ್ಸಿಯವರು ವರ್ಷಕ್ಕೊಮ್ಮೆ ಮನೆಯವರಿಂದ ತುಂಬಿಸುವ ಫಾರ್ಮನ್ನು ಅವನು ಆ ದಿನವೇ ನನಗೆ ಕೊಟ್ಟಿದ್ದ. ಮುಖ ತೊಳೆದುಕೊಂಡು ಬರೆಯಲು ಕುಳಿತೆ. ಸಿಟ್ಟು ಬಂದಾಗ ಪಾತ್ರೆ, ಸಾಮಾನು ಎಸೆಯುತ್ತಾರೆಯೇ? ‘ಅಪರೂಪಕ್ಕೆ’ ಎಂದು ಟಿಕ್ ಹಾಕಿದೆ. ವಿವರ ಬರೆಯುವ ಜಾಗದಲ್ಲಿ, ಕಂಡದ್ದನ್ನು ಕಂಡಂತೆಯೇ ಬರೆದೆ. ‘ಒಂದು ಸಲ. ಹಿಟ್ಟಿನ ಡಬ್ಬಿ. ತಪ್ಪು ಅಕ್ಕನದು.’